ಕೈಸರ್ ಎರಡನೇ ವಿಲ್ಹೆಲ್ಮ್: ಹೊತ್ತಿಸಿದ ಬೆಂಕಿಯನ್ನು ಆರಿಸಲಾಗದ ಚಕ್ರವರ್ತಿ

ಮೊದಲನೇ ಮಹಾಯುದ್ಧ ಎಂದ ಕೂಡಲೇ ಶಾಲೆಯ ಸಮಾಜ ಪಾಠ ನೆನಪಾಗುತ್ತದೆ. 1914ರ ಜೂನ್ 28, ಸರಜೇವೊ ನಗರ, ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಮತ್ತು ಅವನ ಪತ್ನಿ ಸೋಫಿಯ ಹತ್ಯೆ. ಇದೇ ಯುದ್ಧದ ತಕ್ಷಣದ ಕಾರಣ ಎಂದು ಬರೆದು ಅಂಕ ಗಳಿಸಿದವರು ನಮ್ಮಲ್ಲಿ ಬಹಳ ಮಂದಿ. ಆದರೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಹಾರಿಸಿದ ಎರಡು ಗುಂಡು ಕೇವಲ ಐದೇ ವಾರಗಳಲ್ಲಿ ಇಡೀ ಯುರೋಪನ್ನು ಯುದ್ಧಕ್ಕೆ ಇಳಿಸಿದ್ದು ಹೇಗೆ? ಮದ್ದು ಮೊದಲೇ ತುಂಬಿಟ್ಟಿರದಿದ್ದರೆ ಒಂದು ಕಿಡಿಯಿಂದ ಇಷ್ಟು ದೊಡ್ಡ ಸ್ಫೋಟ ಸಾಧ್ಯವಿತ್ತೇ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದವರು ಕೊನೆಗೆ ಬಂದು ನಿಲ್ಲುವುದು ಬರ್ಲಿನ್ನಿನ ಅರಮನೆಯ ಬಾಗಿಲಲ್ಲಿ. ಅಲ್ಲಿ 30 ವರ್ಷಗಳ ಕಾಲ ರಾಜ್ಯವಾಳಿದವನು ಕೈಸರ್ ಎರಡನೇ ವಿಲ್ಹೆಲ್ಮ್. ಯುದ್ಧದ ಕಾಲದಲ್ಲಿ ಶತ್ರು ದೇಶಗಳ ಪತ್ರಿಕೆಗಳು ಅವನನ್ನು ರಾಕ್ಷಸನಂತೆ ಚಿತ್ರಿಸಿದವು. ಅವನ ಅಭಿಮಾನಿಗಳು ಶಾಂತಿಪ್ರಿಯನೆಂದು ಹೊಗಳಿದರು. ಅವನ ಬದುಕನ್ನು ನೋಡಿದರೆ ಎರಡೂ ಪೂರ್ತಿ ನಿಜವಲ್ಲ ಎಂಬುದು ತಿಳಿಯುತ್ತದೆ.

ಏಳದ ಎಡಗೈ

ವಿಲ್ಹೆಲ್ಮ್ ಜನಿಸಿದ್ದು 1859ರ ಜನವರಿ 27ರಂದು, ಬರ್ಲಿನ್‌ನಲ್ಲಿ. ತಂದೆ ಪ್ರಷ್ಯಾದ ರಾಜಕುಮಾರ ಫ್ರೆಡರಿಕ್. ತಾಯಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಹಿರಿಯ ಮಗಳು. ಹೆಸರು ತಾಯಿಯದ್ದೇ, ವಿಕ್ಟೋರಿಯಾ. ಮಗುವಿನ ತಲೆ ಮೇಲಾಗಿದ್ದ ಕಾರಣ ಹೆರಿಗೆ ಬಹಳ ಕಷ್ಟವಾಯಿತು. ತಾಯಿ, ಮಗು ಇಬ್ಬರೂ ಬದುಕಿದರು. ಆದರೆ ಮಗುವನ್ನು ಹೊರತೆಗೆಯುವಾಗ ಎಡಭುಜದ ನರಗಳಿಗೆ ಪೆಟ್ಟಾಗಿ ಎಡಗೈ ಶಾಶ್ವತವಾಗಿ ಶಕ್ತಿ ಕಳೆದುಕೊಂಡಿತು. ದೊಡ್ಡವನಾದಾಗ ಆ ಕೈ ಬಲಗೈಗಿಂತ ಸುಮಾರು 15 ಸೆಂಟಿಮೀಟರ್ ಗಿಡ್ಡವಾಗಿತ್ತು.

ಪ್ರಷ್ಯಾ ಎಂದರೆ ಸೈನ್ಯದ ರಾಜ್ಯ. ಅಲ್ಲಿ ಮುಂದೆ ಅರಸನಾಗುವವನಿಗೆ ಕುದುರೆ ಸವಾರಿ, ಕತ್ತಿ, ಬಂದೂಕು ಬಾರದಿದ್ದರೆ ಮರ್ಯಾದೆಯಿಲ್ಲ. ಹಾಗಾಗಿ ಮಗುವಿನ ಕೈ ಸರಿಪಡಿಸಲು ವೈದ್ಯರು ಮಾಡದ ಪ್ರಯೋಗವಿಲ್ಲ. ಆಗಷ್ಟೇ ಕೊಂದ ಮೊಲದ ಬಿಸಿ ಒಡಲೊಳಗೆ ಕೈಯನ್ನು ಇರಿಸಿದರು. ವಿದ್ಯುತ್ ಹಾಯಿಸಿದರು. ಎಡಗೈ ಬಳಸುವ ಅಭ್ಯಾಸವಾಗಲೆಂದು ಸರಿಯಿದ್ದ ಬಲಗೈಯನ್ನು ಕಟ್ಟಿಹಾಕಿದರು. ಯಾವುದರಿಂದಲೂ ಗುಣವಾಗಲಿಲ್ಲ. ಹಿನ್ಸ್‌ಪೀಟರ್ ಎಂಬ ಕಟ್ಟುನಿಟ್ಟಿನ ಗುರು ಬಾಲಕನನ್ನು ಕುದುರೆಯ ಮೇಲೆ ಕೂರಿಸಿ, ಬಿದ್ದಷ್ಟು ಸಲ ಮತ್ತೆ ಹತ್ತಿಸಿ ಸವಾರಿ ಕಲಿಸಿದ. ಅಳು, ಬೇಡಿಕೆ ಯಾವುದಕ್ಕೂ ಬೆಲೆ ಇರಲಿಲ್ಲ. ಕೊನೆಗೆ ಹುಡುಗ ಒಳ್ಳೆಯ ಸವಾರನೇ ಆದ. ಆದರೆ ತಾನು ಯಾರಿಗೂ ಕಡಿಮೆಯಿಲ್ಲ ಎಂದು ತೋರಿಸಿಕೊಳ್ಳುವ ಹಟ ಅವನಲ್ಲಿ ಆಗಲೇ ಬೇರೂರಿತ್ತು. ಮುಂದೆ ಅವನ ಭಾವಚಿತ್ರಗಳಲ್ಲೆಲ್ಲ ಎಡಗೈ ಕತ್ತಿಯ ಹಿಡಿಯ ಮೇಲೋ ಮಡಚಿದ ಕೈಗವಸಿನ ಮರೆಯಲ್ಲೋ ಇರುತ್ತಿತ್ತು. ಮೇಲಕ್ಕೆ ತಿರುವಿದ ಮೀಸೆ ಮತ್ತು ಬಗೆಬಗೆಯ ಸೈನಿಕ ಸಮವಸ್ತ್ರಗಳು ಅವನ ಗುರುತಾದವು.

ತಾಯಿಗೆ ಮಗ ಇಂಗ್ಲೆಂಡಿನ ರೀತಿಯ ಉದಾರವಾದಿಯಾಗಬೇಕೆಂಬ ಆಸೆ. ಅಜ್ಜ ಮೊದಲನೇ ವಿಲ್ಹೆಲ್ಮ್ ಮತ್ತು ಸೇನಾಧಿಕಾರಿಗಳಿಗೆ ಅವನು ಅಪ್ಪಟ ಪ್ರಷ್ಯನ್ ಆಗಬೇಕೆಂಬ ಹಂಬಲ. ಬಾಲಕನಿಗೆ 12 ತುಂಬುವ ಕೆಲವೇ ದಿನ ಮೊದಲು, 1871ರ ಜನವರಿ 18ರಂದು, ಫ್ರಾನ್ಸನ್ನು ಸೋಲಿಸಿದ ಜರ್ಮನ್ ಅರಸರು ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣದಲ್ಲಿ ಸೇರಿ ಅವನ ಅಜ್ಜನನ್ನು ಜರ್ಮನ್ ಚಕ್ರವರ್ತಿಯೆಂದು ಘೋಷಿಸಿದರು. ಫ್ರಾನ್ಸಿನಿಂದ ಅಲ್ಸೇಸ್ ಮತ್ತು ಲೊರೇನ್ ಪ್ರದೇಶವನ್ನು ಕಿತ್ತುಕೊಳ್ಳಲಾಯಿತು. ಈ ಗಾಯವನ್ನು ಫ್ರೆಂಚರು ಮರೆಯಲೇ ಇಲ್ಲ. ಮಹಾಯುದ್ಧದ ಮೊದಲ ಬೀಜ ಬಿದ್ದದ್ದು ಇಲ್ಲಿ ಎನ್ನಬಹುದು.

ಒಂದೇ ವರ್ಷ, ಮೂವರು ಚಕ್ರವರ್ತಿಗಳು

ಜರ್ಮನರು 1888ನ್ನು ಮೂವರು ಚಕ್ರವರ್ತಿಗಳ ವರ್ಷ ಎಂದು ಕರೆಯುತ್ತಾರೆ. ಆ ಮಾರ್ಚ್ 9ರಂದು ಅಜ್ಜ 90ರ ವಯಸ್ಸಿನಲ್ಲಿ ತೀರಿಕೊಂಡ. ಪಟ್ಟಕ್ಕೆ ಬಂದ ತಂದೆ ಫ್ರೆಡರಿಕ್ ಆಗಲೇ ಗಂಟಲಿನ ಕ್ಯಾನ್ಸರ್‌ನಿಂದ ಮಾತು ಕಳೆದುಕೊಂಡಿದ್ದ. ಕೇವಲ 99 ದಿನ ಆಳಿ ಜೂನ್ 15ರಂದು ಅವನೂ ಕಣ್ಣುಮುಚ್ಚಿದ. 29 ವರ್ಷದ ವಿಲ್ಹೆಲ್ಮ್ ಯುರೋಪಿನ ಅತ್ಯಂತ ಬಲಿಷ್ಠ ಸೈನ್ಯದ ಒಡೆಯನಾದ. ಉದಾರ ಮನಸ್ಸಿನ ಫ್ರೆಡರಿಕ್ ಇನ್ನೊಂದಿಪ್ಪತ್ತು ವರ್ಷ ಬದುಕಿದ್ದರೆ ಜರ್ಮನಿಯ ದಾರಿ ಬೇರೆಯಾಗುತ್ತಿತ್ತೇ ಎಂದು ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಾರೆ.

ಜರ್ಮನ್ ಸಾಮ್ರಾಜ್ಯಕ್ಕೆ ಸಂಸತ್ತು ಇತ್ತು, ಚುನಾವಣೆಯೂ ನಡೆಯುತ್ತಿತ್ತು. ಬಜೆಟ್‌ಗೆ ಸಂಸತ್ತಿನ ಒಪ್ಪಿಗೆ ಬೇಕಿತ್ತು. ಆದರೆ ಪ್ರಧಾನಿಗೆ ಸಮಾನನಾದ ಚಾನ್ಸೆಲರ್ ಉತ್ತರ ಹೇಳಬೇಕಾಗಿದ್ದುದು ಸಂಸತ್ತಿಗಲ್ಲ, ಚಕ್ರವರ್ತಿಗೆ. ಅವನನ್ನು ನೇಮಿಸುವ, ತೆಗೆದುಹಾಕುವ ಅಧಿಕಾರ ಚಕ್ರವರ್ತಿಯದ್ದು. ಸೈನ್ಯದ ನಿಷ್ಠೆಯೂ ಅವನಿಗೇ. ಈ ಏರ್ಪಾಡನ್ನು ರೂಪಿಸಿದವನು ಬಿಸ್ಮಾರ್ಕ್. ಸಿಂಹಾಸನದಲ್ಲಿ ತನ್ನ ಮಾತು ಕೇಳುವ ಮುದಿ ಅರಸನಿರುವಷ್ಟು ಕಾಲ ಅದು ಬಿಸ್ಮಾರ್ಕನಿಗೆ ಅನುಕೂಲವಾಗಿಯೇ ಇತ್ತು. ಹೊಸ ಚಕ್ರವರ್ತಿ ಬಂದ ಎರಡೇ ವರ್ಷಕ್ಕೆ, 1890ರ ಮಾರ್ಚ್‌ನಲ್ಲಿ, ಬಿಸ್ಮಾರ್ಕ್ ರಾಜೀನಾಮೆ ಕೊಡಬೇಕಾಯಿತು.

ಫ್ರಾನ್ಸಿಗೆ ಗೆಳೆಯರು ಸಿಗದಂತೆ ನೋಡಿಕೊಳ್ಳುವುದೇ ಬಿಸ್ಮಾರ್ಕನ ವಿದೇಶಾಂಗ ನೀತಿಯ ತಿರುಳಾಗಿತ್ತು. ಅದಕ್ಕಾಗಿ 1887ರಲ್ಲಿ ರಷ್ಯಾದೊಂದಿಗೆ ರಹಸ್ಯ ಒಪ್ಪಂದ ಮಾಡಿಕೊಂಡಿದ್ದ. ಅವನು ಹೋದ ಮೇಲೆ 1890ರಲ್ಲಿ ಆ ಒಪ್ಪಂದವನ್ನು ಜರ್ಮನಿ ನವೀಕರಿಸಲಿಲ್ಲ. ಒಂಟಿಯಾದ ರಷ್ಯಾ 1894ರ ಹೊತ್ತಿಗೆ ಫ್ರಾನ್ಸಿನ ಕೈಹಿಡಿಯಿತು. ಎರಡು ಕಡೆಯಿಂದಲೂ ಶತ್ರುಗಳಿರುವ ಸ್ಥಿತಿಯನ್ನು ಜರ್ಮನಿ ತಾನೇ ತಂದುಕೊಂಡಿತು.

ಕಡಲಿನ ಆಸೆ

ಬಾಲ್ಯದಲ್ಲಿ ಅಜ್ಜಿಯ ಮನೆಗೆ ಹೋದಾಗ ಕಂಡ ಬ್ರಿಟಿಷ್ ಯುದ್ಧನೌಕೆಗಳನ್ನು ವಿಲ್ಹೆಲ್ಮ್ ಮರೆತಿರಲಿಲ್ಲ. ಇಂಗ್ಲೆಂಡಿನ ಮೇಲೆ ಅವನಿಗೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಬ್ರಿಟನ್, ಫ್ರಾನ್ಸ್‌ಗಳು ಜಗತ್ತನ್ನು ಹಂಚಿಕೊಂಡಾಗ ತಡವಾಗಿ ಬಂದ ಜರ್ಮನಿಗೆ ಸಿಕ್ಕ ವಸಾಹತುಗಳು ಕಡಿಮೆ. ಇತ್ತ ಜರ್ಮನಿಯ ಉಕ್ಕು, ರಾಸಾಯನಿಕ, ವಿದ್ಯುತ್ ಉದ್ಯಮಗಳು ಭರದಿಂದ ಬೆಳೆಯುತ್ತಿದ್ದವು. ದೇಶಕ್ಕೆ ತಕ್ಕ ಸ್ಥಾನ ಬೇಕೆಂಬ ಕೂಗು ಎದ್ದಿತು. 1897ರಲ್ಲಿ ನೌಕಾಡಳಿತದ ಮುಖ್ಯಸ್ಥನಾಗಿ ಬಂದ ಟಿರ್ಪಿಟ್ಸ್ ಈ ಆಸೆಗೆ ರೂಪ ಕೊಟ್ಟ. 1898 ಮತ್ತು 1900ರ ನೌಕಾ ಕಾಯಿದೆಗಳ ಮೂಲಕ ದೊಡ್ಡ ಯುದ್ಧನೌಕಾ ಪಡೆ ಕಟ್ಟಲು ಹೊರಟರು.

ದ್ವೀಪ ರಾಷ್ಟ್ರವಾದ ಬ್ರಿಟನ್‌ಗೆ ಕಡಲೇ ಜೀವ. ಜರ್ಮನಿಯ ಬಲಿಷ್ಠ ಭೂಸೇನೆಯನ್ನು ಅದು ಸಹಿಸಿಕೊಂಡಿತ್ತು; ಅದರ ಜೊತೆಗೆ ಬಲಿಷ್ಠ ನೌಕಾಪಡೆಯೂ ಸೇರಿದಾಗ ದಿಗಿಲುಬಿತ್ತು. 1904ರಲ್ಲಿ ಫ್ರಾನ್ಸಿನೊಂದಿಗೆ, 1907ರಲ್ಲಿ ರಷ್ಯಾದೊಂದಿಗೆ ಬ್ರಿಟನ್ ಹಳೆಯ ಜಗಳಗಳನ್ನು ಬಗೆಹರಿಸಿಕೊಂಡಿತು. 1906ರಲ್ಲಿ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ನೌಕೆ ಇಳಿಸಿ ಪೈಪೋಟಿಯನ್ನು ಇನ್ನಷ್ಟು ದುಬಾರಿಯಾಗಿಸಿತು. ಹೀಗೆ ಒಂದು ಕಡೆ ಜರ್ಮನಿ, ಆಸ್ಟ್ರಿಯಾ, ಇಟಲಿ. ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್ ಎಂಬ ಎರಡು ಬಣಗಳು ಮೂಡಿದವು.

ವಿಲ್ಹೆಲ್ಮ್‌ನ ನಾಲಿಗೆ ಅವನ ನೌಕೆಗಳಷ್ಟೇ ಅಪಾಯ ತಂದಿತು. 1896ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ನಾಯಕ ಕ್ರೂಗರ್‌ಗೆ ಅಭಿನಂದನೆಯ ತಂತಿ ಕಳಿಸಿ ಬ್ರಿಟಿಷರನ್ನು ಕೆರಳಿಸಿದ. 1900ರಲ್ಲಿ ಚೀನಾಕ್ಕೆ ಹೊರಟ ಸೈನಿಕರಿಗೆ ಹಿಂದಿನ ಹೂಣರ ಮಾದರಿ ಅನುಸರಿಸುವಂತೆ ಹೇಳಿದ. ಮುಂದೆ ಯುದ್ಧದಲ್ಲಿ ಶತ್ರುಗಳು ಜರ್ಮನರನ್ನು ಹೂಣರೆಂದೇ ಹಂಗಿಸಿದರು. 1905ರಲ್ಲಿ ಮೊರಾಕೊದ ಟಾಂಜಿಯರ್ ಬಂದರಿನಲ್ಲಿ ಇಳಿದು ಫ್ರಾನ್ಸಿಗೆ ಸವಾಲೆಸೆದ. 1908ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅವನ ಮಾತುಗಳು ಬ್ರಿಟಿಷರನ್ನು ಮಾತ್ರವಲ್ಲ, ಸ್ವಂತ ಪ್ರಜೆಗಳನ್ನೂ ಮುಜುಗರಕ್ಕೆ ತಳ್ಳಿದವು. 1911ರಲ್ಲಿ ಮೊರಾಕೊದ ಅಗದೀರ್‌ಗೆ ಯುದ್ಧನೌಕೆ ಕಳಿಸಿ ಜರ್ಮನಿ ಮತ್ತೆ ಬಿಕ್ಕಟ್ಟು ಸೃಷ್ಟಿಸಿತು. ಬೆದರಿಸಿದಷ್ಟೂ ಎದುರಾಳಿಗಳು ಹತ್ತಿರವಾದರು.

ಎಲ್ಲರೂ ಬಂಧುಗಳೇ

ಈ ಯುದ್ಧದ ಒಂದು ವಿಚಿತ್ರವೆಂದರೆ ಎದುರುಬದುರಾದ ಅರಸರೆಲ್ಲ ಹತ್ತಿರದ ನೆಂಟರು. ಬ್ರಿಟನ್ನಿನ ಏಳನೇ ಎಡ್ವರ್ಡ್ ವಿಲ್ಹೆಲ್ಮ್‌ಗೆ ಸೋದರಮಾವ. ಎಡ್ವರ್ಡ್‌ನ ಮಗ ಐದನೇ ಜಾರ್ಜ್ ನಮ್ಮ ಲೆಕ್ಕದಲ್ಲಿ ಭಾವನಾಗಬೇಕು. ರಷ್ಯಾದ ದೊರೆ ಎರಡನೇ ನಿಕೋಲಸ್‌ನ ಹೆಂಡತಿ ಅಲೆಕ್ಸಾಂಡ್ರಾ ವಿಲ್ಹೆಲ್ಮ್‌ನ ಚಿಕ್ಕಮ್ಮನ ಮಗಳು. ಹಾಗಾಗಿ ಅವನೂ ಭಾವನೇ. 1901ರ ಜನವರಿ 22ರಂದು ವಿಕ್ಟೋರಿಯಾ ರಾಣಿ ಕೊನೆಯುಸಿರೆಳೆದಾಗ ಮೊಮ್ಮಗ ವಿಲ್ಹೆಲ್ಮ್ ಹಾಸಿಗೆಯ ಪಕ್ಕದಲ್ಲೇ ಇದ್ದ. 1913ರ ಮೇ ತಿಂಗಳಲ್ಲಿ ಅವನ ಒಬ್ಬಳೇ ಮಗಳ ಮದುವೆಗೆ ಜಾರ್ಜ್ ಮತ್ತು ನಿಕೋಲಸ್ ಇಬ್ಬರೂ ಬರ್ಲಿನ್ನಿಗೆ ಬಂದು ಉಂಡು ಹೋದರು. ಮೂವರೂ ಒಟ್ಟಿಗೆ ಸೇರಿದ್ದು ಅದೇ ಕೊನೆ. ಮರುವರ್ಷ ಮೂವರ ಸೈನ್ಯಗಳೂ ಯುದ್ಧಭೂಮಿಯಲ್ಲಿದ್ದವು. ನೆಂಟಸ್ತಿಕೆಯಿಂದ ಶಾಂತಿ ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಐದು ವಾರಗಳು

ಸರಜೇವೊದ ಸುದ್ದಿ ಬಂದಾಗ ವಿಲ್ಹೆಲ್ಮ್ ಕೀಲ್ ಬಂದರಿನಲ್ಲಿ ದೋಣಿ ಸ್ಪರ್ಧೆಯಲ್ಲಿದ್ದ. ಸತ್ತ ಫರ್ಡಿನೆಂಡ್ ಅವನ ಗೆಳೆಯ. ಎರಡು ವಾರ ಮೊದಲಷ್ಟೇ ಅವನ ಮನೆಯಲ್ಲಿ ಅತಿಥಿಯಾಗಿದ್ದು ಬಂದಿದ್ದ. ಕೊಂದ ಗಾವ್ರಿಲೊ ಪ್ರಿನ್ಸಿಪ್ ಬೋಸ್ನಿಯಾದ ಸೆರ್ಬ್ ಯುವಕ. ಇದೇ ನೆಪದಲ್ಲಿ ಸೆರ್ಬಿಯಾವನ್ನು ಬಗ್ಗುಬಡಿಯಬೇಕೆಂದು ಆಸ್ಟ್ರಿಯಾ ಬಯಸಿತು. ಆದರೆ ಸೆರ್ಬಿಯಾದ ಬೆನ್ನಿಗೆ ರಷ್ಯಾ ಇತ್ತು. ಜರ್ಮನಿಯ ಬೆಂಬಲವಿಲ್ಲದೆ ಆಸ್ಟ್ರಿಯಾ ಮುಂದಡಿ ಇಡುವಂತಿರಲಿಲ್ಲ.

ಜುಲೈ 5ರಂದು ಪಾಟ್ಸ್‌ಡಾಮ್‌ನಲ್ಲಿ ಆಸ್ಟ್ರಿಯಾದ ರಾಯಭಾರಿಗೆ ವಿಲ್ಹೆಲ್ಮ್ ಪೂರ್ಣ ಬೆಂಬಲದ ಭರವಸೆ ಕೊಟ್ಟ. ರಷ್ಯಾ ಮಧ್ಯೆ ಬಂದರೂ ಜರ್ಮನಿ ಜೊತೆಗಿರುತ್ತದೆ ಎಂಬುದು ಅದರ ಅರ್ಥ. ಇತಿಹಾಸದಲ್ಲಿ ಇದನ್ನು ಮೊತ್ತ ಬರೆಯದೆ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ ಎನ್ನುತ್ತಾರೆ. ಮರುದಿನವೇ ಅವನು ವಾಡಿಕೆಯಂತೆ ನಾರ್ವೆ ಕಡೆಗೆ ವಿಹಾರ ನೌಕೆಯಲ್ಲಿ ಹೊರಟುಬಿಟ್ಟ. ರಷ್ಯಾ ಹಿಂಜರಿಯಬಹುದು, ಯುದ್ಧವಾದರೂ ಬಾಲ್ಕನ್ ಪ್ರದೇಶಕ್ಕೇ ಸೀಮಿತವಾಗಬಹುದು ಎಂಬುದು ಅವನ ಲೆಕ್ಕಾಚಾರ.

ಜುಲೈ 23ರಂದು ಆಸ್ಟ್ರಿಯಾ ಸೆರ್ಬಿಯಾಕ್ಕೆ 48 ಗಂಟೆಗಳ ಗಡುವಿನ ಕಠಿಣ ಷರತ್ತುಗಳನ್ನು ಕಳಿಸಿತು. ಸೆರ್ಬಿಯಾ ಬಹುಪಾಲು ಒಪ್ಪಿತು. ಪ್ರವಾಸದಿಂದ ಮರಳಿದ ವಿಲ್ಹೆಲ್ಮ್ 28ರ ಬೆಳಿಗ್ಗೆ ಆ ಉತ್ತರವನ್ನು ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದ. ಆಸ್ಟ್ರಿಯಾ ಗಡಿಯಾಚೆಗಿನ ಬೆಲ್‌ಗ್ರೇಡ್ ನಗರವನ್ನಷ್ಟೇ ಹಿಡಿದು, ಅಲ್ಲಿಯೇ ನಿಂತು ಮಾತುಕತೆ ನಡೆಸಲಿ ಎಂದು ಸೂಚಿಸಿದ. ಆದರೆ ಚಾನ್ಸೆಲರ್ ಬೆಥ್‌ಮನ್ ಹಾಲ್ವೆಗ್ ಈ ಸೂಚನೆಯನ್ನು ತಡವಾಗಿ, ಅದೂ ಮೊನಚು ಕಡಿಮೆ ಮಾಡಿ ವಿಯೆನ್ನಾಕ್ಕೆ ಕಳಿಸಿದ. ಅಷ್ಟರಲ್ಲಿ ಅದೇ ದಿನ ಆಸ್ಟ್ರಿಯಾ ಯುದ್ಧ ಘೋಷಿಸಿ ಆಗಿತ್ತು. ಕೊಟ್ಟ ಚೆಕ್ಕನ್ನು ಹಿಂದಕ್ಕೆ ಪಡೆಯುವ ಮೊದಲೇ ಅದು ನಗದಾಗಿತ್ತು.

ಅಲ್ಲಿಂದ ಮುಂದೆ ಮನುಷ್ಯರಿಗಿಂತ ರೈಲ್ವೆ ವೇಳಾಪಟ್ಟಿಗಳೇ ಹೆಚ್ಚು ಮಾತನಾಡಿದವು ಎನ್ನಬೇಕು. ವಿಲ್ಹೆಲ್ಮ್ ಮತ್ತು ನಿಕೋಲಸ್ ಪರಸ್ಪರ ಮುದ್ದಿನ ಹೆಸರಿನಿಂದ ತಂತಿ ಕಳಿಸುತ್ತಿರುವಾಗಲೇ ಜುಲೈ 30ರಂದು ರಷ್ಯಾ ಪೂರ್ಣ ಸೇನಾ ಜಮಾವಣೆಗೆ ಆದೇಶಿಸಿತು. ಜರ್ಮನಿಯ ಸೇನಾ ಯೋಜನೆ ಒಂದೇ: ದೊಡ್ಡ ದೇಶವಾದ ರಷ್ಯಾ ಸೈನ್ಯ ಕೂಡಿಸಲು ತಡಮಾಡುತ್ತದೆ, ಅಷ್ಟರೊಳಗೆ ಬೆಲ್ಜಿಯಂ ಮೂಲಕ ನುಗ್ಗಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಸೋಲಿಸಿ, ಬಳಿಕ ಪೂರ್ವಕ್ಕೆ ತಿರುಗುವುದು. ಹಾಗಾಗಿ ಜಗಳ ರಷ್ಯಾದೊಂದಿಗಾದರೂ ಮೊದಲ ಪೆಟ್ಟು ಬೀಳಬೇಕಾದುದು ಫ್ರಾನ್ಸಿಗೆ, ಬೆಲ್ಜಿಯಂಗೆ!

ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. ಅದೇ ಸಂಜೆ ಲಂಡನ್ನಿನ ಜರ್ಮನ್ ರಾಯಭಾರಿಯಿಂದ, ಫ್ರಾನ್ಸಿನ ಮೇಲೆ ದಾಳಿ ಮಾಡದಿದ್ದರೆ ಬ್ರಿಟನ್ ತಟಸ್ಥವಾಗಿರಬಹುದು ಎಂಬರ್ಥದ ತಂತಿ ಬಂತು. ವಿಲ್ಹೆಲ್ಮ್ ಹಿಗ್ಗಿ, ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸುವಂತೆ ದಂಡನಾಯಕ ಮೋಲ್ಟ್‌ಕೆಗೆ ಹೇಳಿದ. ಲಕ್ಷಗಟ್ಟಲೆ ಸೈನಿಕರನ್ನು ಸಾಗಿಸುವ ಯೋಜನೆಯನ್ನು ಒಂದೇ ರಾತ್ರಿಯಲ್ಲಿ ಬದಲಿಸುವುದು ಅಸಾಧ್ಯವೆಂದು ಮೋಲ್ಟ್‌ಕೆ ಹಟ ಹಿಡಿದ. ರಾತ್ರಿ ಜಾರ್ಜ್ ದೊರೆಯಿಂದ ಬಂದ ಇನ್ನೊಂದು ತಂತಿಯಿಂದ ಮೊದಲಿನದು ತಪ್ಪು ಗ್ರಹಿಕೆ ಎಂಬುದು ಸ್ಪಷ್ಟವಾಯಿತು. ಚಕ್ರವರ್ತಿ ಸೋತು, ಇಷ್ಟಬಂದಂತೆ ಮಾಡಲು ಮೋಲ್ಟ್‌ಕೆಗೆ ಬಿಟ್ಟುಬಿಟ್ಟ. ಆಗಸ್ಟ್ 3ರಂದು ಫ್ರಾನ್ಸಿನ ಮೇಲೆ ಯುದ್ಧ ಘೋಷಣೆಯಾಯಿತು. 4ರಂದು ತಟಸ್ಥ ಬೆಲ್ಜಿಯಂನೊಳಗೆ ಜರ್ಮನ್ ಸೇನೆ ನುಗ್ಗಿತು. ಅದೇ ದಿನ ಬ್ರಿಟನ್ ಯುದ್ಧಕ್ಕಿಳಿಯಿತು. ಬ್ರಿಟನ್ನಿನ ಜೊತೆಗೆ, ಯಾರೂ ಒಪ್ಪಿಗೆ ಕೇಳದೆ, ಭಾರತವೂ ಯುದ್ಧಕ್ಕೆ ಸೇರಿತು.

ಯುದ್ಧ ಸಾಗಿದ ಬಗೆ

ಆರು ವಾರಗಳ ಲೆಕ್ಕ 1914ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಸಮೀಪದ ಮಾರ್ನ್ ನದಿಯ ಬಳಿ ತಪ್ಪಿತು. ಹಿಮ್ಮೆಟ್ಟಿದ ಜರ್ಮನರು ಕಂದಕ ತೋಡಿ ಕುಳಿತರು. ಎದುರಿನವರೂ ಹಾಗೆಯೇ ಮಾಡಿದರು. ಸ್ವಿಟ್ಜರ್ಲೆಂಡ್ ಗಡಿಯಿಂದ ಸಮುದ್ರದವರೆಗೆ ಹಬ್ಬಿದ ಆ ಕಂದಕಗಳ ಸಾಲು ಮೂರೂವರೆ ವರ್ಷ ಹೆಚ್ಚು ಕದಲಲಿಲ್ಲ. ಪೂರ್ವದಲ್ಲಿ ಹಿಂಡೆನ್‌ಬರ್ಗ್ ಮತ್ತು ಲೂಡೆನ್‌ಡಾರ್ಫ್ ಎಂಬ ಇಬ್ಬರು ಸೇನಾನಿಗಳು ಟ್ಯಾನೆನ್‌ಬರ್ಗ್‌ನಲ್ಲಿ ರಷ್ಯನ್ನರನ್ನು ಸೋಲಿಸಿ ದೇಶದ ಕಣ್ಮಣಿಗಳಾದರು.

1916ರಲ್ಲಿ ವರ್ಡನ್ ಕೋಟೆಗಾಗಿ ಹತ್ತು ತಿಂಗಳು ಕಾದಾಡಿ ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಮಂದಿ ಸತ್ತರು. ಅದೇ ವರ್ಷ ಸೊಮ್ ನದಿಯ ಬಳಿ ಜುಲೈ 1ರ ಒಂದೇ ದಿನದಲ್ಲಿ 19 ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಹತರಾದರು. ಮೆಷಿನ್‌ಗನ್, ಮುಳ್ಳುತಂತಿ, ವಿಷಾನಿಲ, ಭಾರೀ ಫಿರಂಗಿಗಳ ಮುಂದೆ ಮನುಷ್ಯನ ಶೌರ್ಯಕ್ಕೆ ಅರ್ಥವೇ ಉಳಿಯಲಿಲ್ಲ.

ಸೈನ್ಯದ ಸರ್ವೋಚ್ಚ ನಾಯಕನೆಂದು ಕಾಗದದಲ್ಲಿದ್ದವನು ವಿಲ್ಹೆಲ್ಮ್. ಆದರೆ ದಿನ ಕಳೆದಂತೆ ಅವನನ್ನು ಕೇಳುವವರು ಕಡಿಮೆಯಾದರು. ಪದಕ ಹಂಚುವುದು, ಸೈನಿಕರನ್ನು ಭೇಟಿಯಾಗುವುದು, ಭೋಜನಕೂಟಗಳಲ್ಲಿ ಮಾತನಾಡುವುದು ಅವನ ಪಾಲಿಗೆ ಉಳಿಯಿತು. 1916ರ ಆಗಸ್ಟ್‌ನಲ್ಲಿ ಹಿಂಡೆನ್‌ಬರ್ಗ್, ಲೂಡೆನ್‌ಡಾರ್ಫ್ ಸೇನೆಯ ಚುಕ್ಕಾಣಿ ಹಿಡಿದ ಮೇಲಂತೂ ದೇಶದ ಆಡಳಿತವೇ ಅವರ ಕೈಸೇರಿತು. ಅವನು ಅಷ್ಟು ಆಸೆಯಿಂದ ಕಟ್ಟಿಸಿದ ಯುದ್ಧನೌಕೆಗಳು 1916ರ ಮೇ 31ರ ಜಟ್‌ಲ್ಯಾಂಡ್ ಕದನದ ನಂತರ ಬಹುತೇಕ ಬಂದರಿನಲ್ಲೇ ಉಳಿದವು. ಬ್ರಿಟಿಷ್ ನೌಕಾಪಡೆ ಹಾಕಿದ ದಿಗ್ಬಂಧನದಿಂದ ಜರ್ಮನಿಗೆ ಆಹಾರ ಬರುವುದು ನಿಂತಿತು. 1916-17ರ ಚಳಿಗಾಲದಲ್ಲಿ ಆಲೂಗಡ್ಡೆಯೂ ಸಿಗದೆ ಜನ ದನಕರುಗಳಿಗೆ ಹಾಕುವ ಗಡ್ಡೆ ತಿಂದು ಬದುಕಿದರು.

ಕೊನೆಯ ಅಸ್ತ್ರವಾಗಿ, ಕಂಡ ಹಡಗುಗಳನ್ನೆಲ್ಲ ಎಚ್ಚರಿಕೆಯಿಲ್ಲದೆ ಮುಳುಗಿಸುವ ಜಲಾಂತರ್ಗಾಮಿ ಯುದ್ಧಕ್ಕೆ ಸೇನಾಧಿಕಾರಿಗಳು ಒತ್ತಾಯಿಸಿದರು. 1915ರಲ್ಲಿ ಲೂಸಿಟಾನಿಯಾ ಎಂಬ ಪ್ರಯಾಣಿಕರ ಹಡಗನ್ನು ಮುಳುಗಿಸಿ 1,198 ಮಂದಿ ಸತ್ತಾಗಲೇ ಅಮೆರಿಕಾ ಸಿಡಿದೆದ್ದಿತ್ತು. ಅಪಾಯ ಗೊತ್ತಿದ್ದೂ 1917ರ ಜನವರಿಯಲ್ಲಿ ವಿಲ್ಹೆಲ್ಮ್ ಸಹಿ ಹಾಕಿದ. ಏಪ್ರಿಲ್ 6ರಂದು ಅಮೆರಿಕಾ ಯುದ್ಧಕ್ಕಿಳಿಯಿತು. ರಷ್ಯಾದಲ್ಲಿ ಕ್ರಾಂತಿಯಾಗಿ ಅದು ಯುದ್ಧದಿಂದ ಹಿಂದೆ ಸರಿದರೂ ಆ ಲಾಭವನ್ನು ಅಮೆರಿಕಾದ ಸೈನಿಕರು ಅಳಿಸಿಹಾಕಿದರು.

ನಮ್ಮ ಕರಾವಳಿಗೂ ತಟ್ಟಿದ ಬಿಸಿ

ಎಲ್ಲೋ ನಡೆದ ಯುದ್ಧಕ್ಕೂ ನಮಗೂ ಏನು ಸಂಬಂಧ ಎಂದು ಕೇಳಬಹುದು. ಕೈಸರನ ಎಂಡೆನ್ ಎಂಬ ಯುದ್ಧನೌಕೆ 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್ ಬಂದರಿನ ಮೇಲೆ ಗುಂಡಿನ ಮಳೆಗರೆಯಿತು. ಎಣ್ಣೆ ಟ್ಯಾಂಕ್‌ಗಳು ಹೊತ್ತಿ ಉರಿದವು. ಜನ ಊರು ಬಿಟ್ಟು ಓಡಿದರು. ಬಳಿಕ ಅದೇ ನೌಕೆ ಮಿನಿಕಾಯ್ ಸುತ್ತಮುತ್ತ ಹೊಂಚುಹಾಕಿ ಬ್ರಿಟಿಷ್ ಸರಕು ಹಡಗುಗಳನ್ನು ಹಿಡಿಯಿತು, ಮುಳುಗಿಸಿತು. ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯಾದ ಸಿಡ್ನಿ ನೌಕೆ ಅದನ್ನು ಹೊಡೆದುರುಳಿಸಿತು. ಭಾರೀ ಗಾತ್ರದ್ದಕ್ಕೆ ಮಲಯಾಳದಲ್ಲಿ ಎಮಂಡನ್ ಎನ್ನುವುದನ್ನು ಕಾಸರಗೋಡಿನ ಕನ್ನಡಿಗರೂ ದಿನವೂ ಕೇಳುತ್ತೇವೆ. ಆ ಮಾತು ಹುಟ್ಟಿದ್ದು ಈ ಹಡಗಿನ ಹೆಸರಿನಿಂದ ಎನ್ನುತ್ತಾರೆ.

ಆಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಜಿಲ್ಲೆಯ ಕೇಂದ್ರವಾದ ಮಂಗಳೂರಿನಲ್ಲಿ 1834ರಿಂದಲೂ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. ಅದರ ನೆಲೆ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಬಂದವರಲ್ಲಿ ಬಹಳಷ್ಟು ಮಂದಿ ಜರ್ಮನರು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, 1894ರಲ್ಲಿ ಮಹಾನಿಘಂಟು ಪ್ರಕಟಿಸಿದ ಕಿಟ್ಟೆಲ್ ಇಬ್ಬರೂ ಜರ್ಮನರೇ. ಯುದ್ಧ ಬಂದದ್ದೇ ತಡ, ಇಲ್ಲಿದ್ದ ಜರ್ಮನ್ ಪಾದ್ರಿಗಳು ಶತ್ರು ದೇಶದ ಪ್ರಜೆಗಳಾಗಿಬಿಟ್ಟರು. ಹಲವರನ್ನು ಆಗಿನ ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ಆಮೇಲೆ ದೇಶದಿಂದ ಕಳಿಸಲಾಯಿತು. ಮಿಷನ್ನಿನ ಹಂಚಿನ ಕಾರ್ಖಾನೆಗಳು, ನೇಯ್ಗೆ ಶಾಲೆಗಳು ಕೈತಪ್ಪಿ ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಪಾಟ್ಸ್‌ಡಾಮ್‌ನಲ್ಲಿ ಕೊಟ್ಟ ಒಂದು ಮಾತಿನ ಪೆಟ್ಟು ಮಂಗಳೂರು ಹಂಚಿನ ಮೇಲೂ ಬಿತ್ತು.

ಭಾರತದಿಂದ ಸುಮಾರು 13 ಲಕ್ಷ ಮಂದಿ ಸೈನಿಕರೂ ಕೂಲಿಗಳೂ ಕಡಲು ದಾಟಿ ಹೋದರು. 74 ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಇನ್ನೊಂದು ಕಡೆ, ಬ್ರಿಟಿಷರ ಶತ್ರು ನಮಗೆ ಮಿತ್ರನೆಂದು ಬಗೆದ ಕೆಲವು ಕ್ರಾಂತಿಕಾರಿಗಳು ಬರ್ಲಿನ್ ಸೇರಿದರು. ರಾಜಾ ಮಹೇಂದ್ರ ಪ್ರತಾಪ್ ಅವರು 1915ರಲ್ಲಿ ಕೈಸರನನ್ನೇ ಭೇಟಿಯಾಗಿ ಕಾಬೂಲಿಗೆ ಹೊರಟರು.

ಹೈಫಾದ ಕಥೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ತುರ್ಕಿಯ ಸ್ನೇಹ ಬೆಳೆಸಲು ವಿಲ್ಹೆಲ್ಮ್ 1898ರ ಅಕ್ಟೋಬರ್‌ನಲ್ಲಿ ಪ್ಯಾಲೆಸ್ಟೀನ್ ಯಾತ್ರೆ ಮಾಡಿದಾಗ ಹಡಗಿನಿಂದ ಇಳಿದದ್ದು ಹೈಫಾದಲ್ಲಿ. ಆ ಸ್ನೇಹದ ಫಲವಾಗಿ 1914ರಲ್ಲಿ ತುರ್ಕಿ ಜರ್ಮನಿಯ ಪಕ್ಷ ಸೇರಿತು. ಅವನು ಇಳಿದ 20 ವರ್ಷಗಳ ಬಳಿಕ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಪಡೆಗಳು ಭರ್ಜಿ ಹಿಡಿದು ನುಗ್ಗಿ ಅದೇ ಹೈಫಾವನ್ನು ವಶಪಡಿಸಿಕೊಂಡವು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಫಿರಂಗಿಗಳಿಗೆ ಎದುರಾದರು. ಅಲ್ಲಿನ ತುರ್ಕಿ ಸೇನೆಗಳ ದಂಡನಾಯಕ ಜರ್ಮನ್ ಜನರಲ್ ಲಿಮನ್ ಫಾನ್ ಸಾಂಡರ್ಸ್. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಪ್ರತಿನಿಧಿಸುವುದು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಅಶ್ವಪಡೆಗಳನ್ನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದನ್ನೂ ಸೇರಿಸಲಾಯಿತು.

ಪತನ

1918ರ ಮಾರ್ಚ್ 21ರಂದು ಜರ್ಮನಿ ಪಶ್ಚಿಮದಲ್ಲಿ ಕೊನೆಯ ದೊಡ್ಡ ದಾಳಿ ನಡೆಸಿತು. ಮೊದಮೊದಲು ಗೆದ್ದಂತೆ ಕಂಡರೂ ಬಲ ಸಾಲಲಿಲ್ಲ. ಆಗಸ್ಟ್ 8ರಂದು ಅಮಿಯಾಂ ಬಳಿ ಮಿತ್ರರಾಷ್ಟ್ರಗಳ ಹೊಡೆತ ಬಿದ್ದ ಮೇಲೆ ಸೋಲು ಖಚಿತವಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ಬಲ್ಗೇರಿಯಾ, ಅಕ್ಟೋಬರ್ ಕೊನೆಯಲ್ಲಿ ತುರ್ಕಿ, ನವೆಂಬರ್ 3ರಂದು ಆಸ್ಟ್ರಿಯಾ ಒಂದೊಂದಾಗಿ ಶಸ್ತ್ರ ಕೆಳಗಿಟ್ಟವು. ಸೋಲು ಗೊತ್ತಿದ್ದೂ ಕೊನೆಯ ಕದನಕ್ಕೆ ಹೊರಡಬೇಕೆಂಬ ಆದೇಶ ಬಂದಾಗ ನಾವಿಕರು ದಂಗೆಯೆದ್ದರು. ದಂಗೆ ಹಬ್ಬಿದ್ದು ಕೀಲ್‌ನಿಂದ. ಚಕ್ರವರ್ತಿಯ ಮುದ್ದಿನ ನೌಕಾಪಡೆಯೇ ಅವನ ವಿರುದ್ಧ ಮೊದಲು ತಿರುಗಿಬಿತ್ತು.

ಆಗ ವಿಲ್ಹೆಲ್ಮ್ ಬೆಲ್ಜಿಯಂನ ಸ್ಪಾ ಪಟ್ಟಣದ ಸೇನಾ ಕೇಂದ್ರದಲ್ಲಿದ್ದ. ಸೈನ್ಯದೊಂದಿಗೆ ಬರ್ಲಿನ್ನಿಗೆ ಹೋಗಿ ಕ್ರಾಂತಿಯನ್ನು ಅಡಗಿಸುತ್ತೇನೆ ಎಂದುಕೊಂಡಿದ್ದ. ಸೈನಿಕರು ಶಿಸ್ತಿನಿಂದ ಮನೆಗೆ ಮರಳುತ್ತಾರೆ, ಆದರೆ ಚಕ್ರವರ್ತಿಯ ಹಿಂದೆ ಬರಲಾರರು ಎಂದು ಜನರಲ್ ಗ್ರೋನರ್ ನೇರವಾಗಿ ತಿಳಿಸಿದ. ನವೆಂಬರ್ 9ರಂದು, ಅವನಿನ್ನೂ ಮೀನಮೇಷ ಎಣಿಸುತ್ತಿರುವಾಗಲೇ, ಚಾನ್ಸೆಲರ್ ಮ್ಯಾಕ್ಸ್ ಬರ್ಲಿನ್ನಿನಲ್ಲಿ ಪದತ್ಯಾಗದ ಸುದ್ದಿ ಪ್ರಕಟಿಸಿದ. ಮರುದಿನ ಬೆಳಿಗ್ಗೆ ಕೈಸರ್ ಗಡಿ ದಾಟಿ ತಟಸ್ಥ ಹಾಲೆಂಡ್ ಸೇರಿದ. ಅದರ ಮರುದಿನ, ನವೆಂಬರ್ 11ರಂದು, ಫಿರಂಗಿಗಳು ಮೌನವಾದವು. ನಾಲ್ಕು ವರ್ಷಗಳಲ್ಲಿ ಸತ್ತ ಸೈನಿಕರ ಸಂಖ್ಯೆ ಸುಮಾರು 90 ಲಕ್ಷದಿಂದ ಒಂದು ಕೋಟಿ. ಅದರಲ್ಲಿ ಜರ್ಮನರೇ ಸುಮಾರು 20 ಲಕ್ಷ.

ಮರ ಕಡಿಯುತ್ತಾ ಕಳೆದ ದಿನಗಳು

1919ರ ವರ್ಸೇಲ್ಸ್ ಒಪ್ಪಂದದಲ್ಲಿ ಕೈಸರನನ್ನು ಅಂತಾರಾಷ್ಟ್ರೀಯ ನ್ಯಾಯಾಲಯದೆದುರು ನಿಲ್ಲಿಸಬೇಕೆಂಬ ವಿಧಿಯೇ ಇತ್ತು. ಹಾಲೆಂಡ್ ಅವನನ್ನು ಒಪ್ಪಿಸಲು ನಿರಾಕರಿಸಿದ್ದರಿಂದ ವಿಚಾರಣೆ ನಡೆಯಲಿಲ್ಲ. ಶಿಕ್ಷೆ ಬಿದ್ದದ್ದು ಜರ್ಮನ್ ಜನರಿಗೆ: ಯುದ್ಧದ ಹೊಣೆ, ಪರಿಹಾರದ ಭಾರ, ಅವಮಾನ. ಆ ಕಹಿಯನ್ನು ಬಂಡವಾಳ ಮಾಡಿಕೊಂಡೇ ಹಿಟ್ಲರ್ ಬೆಳೆದ.

ವಿಲ್ಹೆಲ್ಮ್ 1920ರಲ್ಲಿ ಡೋರ್ನ್ ಎಂಬ ಹಳ್ಳಿಯಲ್ಲಿ ಮನೆ ಕೊಂಡು ನೆಲೆಸಿದ. ಜರ್ಮನಿಯಿಂದ 59 ರೈಲು ವ್ಯಾಗನ್‌ಗಳಲ್ಲಿ ಅವನ ಸಾಮಾನುಗಳು ಬಂದವು. ಅದೇ ವರ್ಷ ಕಿರಿಯ ಮಗ ಯೋಕಿಮ್ ಆತ್ಮಹತ್ಯೆ ಮಾಡಿಕೊಂಡ. 40 ವರ್ಷ ಜೊತೆಗಿದ್ದ ಹೆಂಡತಿ ಆಗಸ್ಟಾ ವಿಕ್ಟೋರಿಯಾ 1921ರಲ್ಲಿ ತೀರಿಕೊಂಡಳು. ಮರುವರ್ಷ ಹರ್ಮಿನ್ ಎಂಬ ವಿಧವೆಯನ್ನು ಮದುವೆಯಾದ. ದಿನವೂ ತೋಟದಲ್ಲಿ ಮರ ಕಡಿಯುವುದು, ಸೌದೆ ಸೀಳುವುದು ಅವನ ಹವ್ಯಾಸವಾಯಿತು. ಮಡಿದ ಸೈನಿಕರ ಬಗ್ಗೆ ತನ್ನ ಹೊಣೆಯನ್ನು ಮಾತ್ರ ಅವನು ಕೊನೆಯವರೆಗೂ ಒಪ್ಪಲಿಲ್ಲ. ಸೋಲಿಗೆ ಯಹೂದಿಗಳು, ಸಮಾಜವಾದಿಗಳು ಕಾರಣರೆಂದು ಪತ್ರಗಳಲ್ಲಿ ದ್ವೇಷ ಕಾರಿದ. ನಾಜಿಗಳು ತನ್ನನ್ನು ಮತ್ತೆ ಪಟ್ಟಕ್ಕೇರಿಸಿಯಾರೆಂಬ ಆಸೆಯೂ ಇತ್ತು. 1931ರಲ್ಲಿ ಗೋರಿಂಗ್ ಬಂದು ಅತಿಥಿಯಾಗಿದ್ದು ಹೋದ. ಆದರೆ ಅಧಿಕಾರ ಸಿಕ್ಕ ಮೇಲೆ ಹಿಟ್ಲರ್‌ಗೆ ಈ ಮುದುಕ ಬೇಕಿರಲಿಲ್ಲ.

1940ರ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ಹಾಲೆಂಡಿಗೆ ನುಗ್ಗಿದಾಗ ಬ್ರಿಟನ್ ಆಶ್ರಯ ಕೊಡಲು ಮುಂದೆ ಬಂತು, ವಿಲ್ಹೆಲ್ಮ್ ಒಪ್ಪಲಿಲ್ಲ. ಪ್ಯಾರಿಸ್ ಬಿದ್ದಾಗ ಹಿಟ್ಲರ್‌ಗೆ ಅಭಿನಂದನೆಯ ತಂತಿ ಕಳಿಸಿದ. 1941ರ ಜೂನ್ 4ರಂದು, 82ನೇ ವಯಸ್ಸಿನಲ್ಲಿ, ಎರಡನೇ ಮಹಾಯುದ್ಧದ ನಡುವೆ ಅವನ ಬದುಕು ಮುಗಿಯಿತು. ಜರ್ಮನಿಯಲ್ಲಿ ಅರಸೊತ್ತಿಗೆ ಮರಳುವವರೆಗೆ ತನ್ನ ದೇಹ ಅಲ್ಲಿಗೆ ಹೋಗಬಾರದೆಂಬುದು ಅವನ ಇಚ್ಛೆಯಾಗಿತ್ತು. ಹಾಗಾಗಿ ಇಂದಿಗೂ ಅವನ ಶವಪೆಟ್ಟಿಗೆ ಡೋರ್ನ್‌ನಲ್ಲೇ ಇದೆ. ಮನೆ ಈಗ ವಸ್ತುಸಂಗ್ರಹಾಲಯ.

ಹೊಣೆ ಯಾರದು?

1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಷರ್ ತನ್ನ ದೇಶದ ನಾಯಕರೇ ಯುದ್ಧದ ಮುಖ್ಯ ಹೊಣೆಗಾರರೆಂದು ದಾಖಲೆ ಸಹಿತ ವಾದಿಸಿ ದೊಡ್ಡ ಚರ್ಚೆ ಎಬ್ಬಿಸಿದರು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಎಲ್ಲ ರಾಜಧಾನಿಗಳ ತಪ್ಪುಗಳನ್ನೂ ಪಟ್ಟಿ ಮಾಡಿ ಹೊಣೆಯನ್ನು ಹಂಚಿದರು. ಸೆರ್ಬಿಯಾದ ಗುಪ್ತಸಂಘ, ಆಸ್ಟ್ರಿಯಾದ ಸೇಡು, ರಷ್ಯಾದ ಅವಸರ, ಫ್ರಾನ್ಸಿನ ಬೆಂಬಲ, ಬ್ರಿಟನ್ನಿನ ಅಸ್ಪಷ್ಟತೆ ಇವೆಲ್ಲವೂ ಸೇರಿಯೇ ಬೆಂಕಿ ಹೊತ್ತಿತು ಎಂಬುದು ನಿಜ. ಹೀಗಿದ್ದರೂ ಜುಲೈ 5ರ ಆ ಭರವಸೆ ಇರದಿದ್ದರೆ ಆಸ್ಟ್ರಿಯಾ ಹೆಜ್ಜೆ ಇಡುತ್ತಿತ್ತೇ ಎಂಬ ಪ್ರಶ್ನೆಯಿಂದ ವಿಲ್ಹೆಲ್ಮ್ ತಪ್ಪಿಸಿಕೊಳ್ಳಲಾರ.

ಅವನು ಯುದ್ಧಕ್ಕಾಗಿ ಹಾತೊರೆದವನಲ್ಲ. ಕೊನೆಯ ದಿನಗಳಲ್ಲಿ ತಡೆಯಲೂ ಯತ್ನಿಸಿದ. ಆದರೆ 25 ವರ್ಷ ಕತ್ತಿ ಝಳಪಿಸುತ್ತಾ ಬಂದವನ ಶಾಂತಿಯ ಮಾತನ್ನು ಹೊರಗಿನವರು ನಂಬಲಿಲ್ಲ, ತಾನೇ ಬೆಳೆಸಿದ ಸೇನಾಧಿಕಾರಿಗಳು ಕೇಳಲಿಲ್ಲ. ಚಾನ್ಸೆಲರ್‌ನನ್ನು ಪ್ರಶ್ನಿಸಿ ಇಳಿಸುವ ಅಧಿಕಾರ ಸಂಸತ್ತಿಗಿದ್ದಿದ್ದರೆ ಆ ಭರವಸೆ ಒಂದೇ ದಿನದಲ್ಲಿ ಅಷ್ಟು ಸುಲಭವಾಗಿ ಹೊರಬೀಳುತ್ತಿರಲಿಲ್ಲವೇನೋ. ಆಳುವವರ ಮಾತಿಗೆ ಕಡಿವಾಣ ಬೇಕು, ಅವರ ಸಹಿಗೆ ಲೆಕ್ಕ ಕೇಳುವವರಿರಬೇಕು ಎಂಬುದನ್ನು ಕಲಿಯಲು ಜಗತ್ತು ತೆತ್ತ ಬೆಲೆ ಬಹಳ ದೊಡ್ಡದು. ಆ ಬೆಲೆಯಲ್ಲಿ ಮೈಸೂರಿನ ಸವಾರರ ಪಾಲೂ ಇದೆ, ಮಂಗಳೂರಿನ ಹಂಚಿನ ಪಾಲೂ ಇದೆ.